ಪಿಟೀಲು, ಮೈಕು ಮತ್ತು ಮಂಗಳಾರತಿ ಮೆಷಿನ್ನು

ತಂತ್ರಜ್ಞಾನ ನಮ್ಮ ಸಂಸ್ಕೃತಿಯನ್ನು ಹಾಳು ಮಾಡಿತು ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಪಿಟೀಲು ನೆನಪಾಗುತ್ತದೆ. ಅದು ನಮ್ಮದಲ್ಲ, ಯುರೋಪಿನಿಂದ ಬಂದದ್ದು. ಸುಮಾರು ಇನ್ನೂರು ವರ್ಷದ ಹಿಂದೆ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಅದನ್ನು ಕಲಿತರು. ತಂಜಾವೂರಿನ ಪಿಟೀಲು ವಿದ್ವಾಂಸ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನೇ ಕೊಟ್ಟರು. ಇವತ್ತು ಪಕ್ಕದಲ್ಲಿ ಪಿಟೀಲಿಲ್ಲದ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಚೇರಿಯನ್ನು ಊಹಿಸೋಕೂ ಆಗಲ್ಲ, ಅಲ್ವಾ?

ಆದರೆ ನಮ್ಮವರು ಅದನ್ನು ಬಂದ ಹಾಗೇ ಇಟ್ಟುಕೊಳ್ಳಲಿಲ್ಲ. ಅಲ್ಲಿಯವರು ಗದ್ದದ ಕೆಳಗೆ ಒತ್ತಿ ಹಿಡಿದು ನುಡಿಸುತ್ತಾರೆ. ನಮ್ಮವರು ನೆಲದ ಮೇಲೆ ಕೂತು, ತುದಿಯನ್ನು ಬಲಗಾಲಿನ ಹಿಮ್ಮಡಿಯ ಹತ್ತಿರ ಊರಿ, ಇನ್ನೊಂದು ಕಡೆಯನ್ನು ಎದೆಗೆ ಒರಗಿಸಿಕೊಂಡರು. ಹೀಗೆ ಕೂತರೆ ವಾದ್ಯದ ಭಾರ ಎಡಗೈ ಮೇಲೆ ಬೀಳುವುದಿಲ್ಲ. ಕೈ ತಂತಿಯ ಉದ್ದಕ್ಕೂ ಸಲೀಸಾಗಿ ಓಡಾಡಬಹುದು. ತಂತಿಗಳ ಶ್ರುತಿಯನ್ನೂ ಬದಲಿಸಿ ಸ-ಪ-ಸ-ಪ ಮಾಡಿಕೊಂಡರು. ತೋಡಿ ರಾಗದ ಗಾಂಧಾರ ಸ್ವರ ನುಡಿಸುವಾಗ ಒಮ್ಮೆ ಆ ಬೆರಳನ್ನೇ ನೋಡಿ. ಅದು ಒಂದು ಕಡೆ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ. ಜಾರುವುದಕ್ಕೆ ಸುಲಭವಾಗಲಿ ಅಂತ ಬೆರಳಿಗೆ ಚೂರು ಎಣ್ಣೆ ಸವರಿಕೊಳ್ಳುವವರೂ ಇದ್ದಾರೆ. ಮರ ಅದೇ, ಕಮಾನು ಅದೇ. ನುಡಿಸುವ ರೀತಿ ಮಾತ್ರ ಪೂರ್ತಿ ನಮ್ಮದಾಯಿತು.

ಇದು ಹಳೆ ಕಾಲದ ಮಾತು ಅನ್ನಬೇಡಿ. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಕೀಲಿಗಳನ್ನು ಒತ್ತಿ ಸ್ವರ ಹೊರಡಿಸುವ ಆ ವಾದ್ಯದಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿಸುವ, ಜಾರಿಸುವ ಕುಸುರಿ, ತೆಗೆಯೋದು ಸುಲಭವಲ್ಲ. ವರ್ಷಗಟ್ಟಲೆ ಸಾಧನೆ ಮಾಡಿದರು, ವಾದ್ಯವನ್ನೂ ತಮಗೆ ಬೇಕಾದ ಹಾಗೆ ಸ್ವಲ್ಪ ಮಾರ್ಪಡಿಸಿಕೊಂಡರು. ಆಮೇಲೆ ಕರ್ನಾಟಕ ಸಂಗೀತದ ಕಚೇರಿಯಲ್ಲಿ ಸ್ಯಾಕ್ಸೊಫೋನಿಗೆ ಜಾಗ ಸಿಕ್ಕಿದ್ದು ಎಲ್ಲರಿಗೂ ಗೊತ್ತೇ ಇದೆ.

ಹಾರ್ಮೋನಿಯಂ ಕಥೆ ಬೇರೆ. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು ಆಗುವುದಿಲ್ಲ, ಹಾಗಾಗಿ ಅದು ನಮ್ಮ ಸಂಗೀತಕ್ಕೆ ಸಲ್ಲದು ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಜನ ಕೇಳಲಿಲ್ಲ. ಕಂಪನಿ ನಾಟಕಗಳು ಅದರ ಮೇಲೇ ನಡೆದವು. ಧಾರವಾಡದ ಕಡೆ ಹಿಂದೂಸ್ತಾನಿ ಹಾಡುವ ಗವಾಯಿಗಳ ಪಕ್ಕದಲ್ಲಿ ಪೇಟಿ, ಅಂದರೆ ಇದೇ ಹಾರ್ಮೋನಿಯಂ, ಇದ್ದೇ ಇರುತ್ತದೆ. ಕರ್ನಾಟಕ ಸಂಗೀತದ ಕಚೇರಿಯೊಳಗೆ ಮಾತ್ರ ಅದಕ್ಕೆ ಹೆಚ್ಚು ಜಾಗ ಸಿಗಲಿಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದನ್ನು ಕೊನೆಗೆ ತೀರ್ಮಾನಿಸಿದ್ದು ಹಾಡುವವರ ಕಿವಿಯೇ, ಸರ್ಕಾರದ ಆದೇಶ ಅಲ್ಲ.

ಇಷ್ಟು ಹೇಳಿ ಸಂಸ್ಕೃತಿಯೇ ಗೆದ್ದಿತು ಅಂತ ಮುಗಿಸಿಬಿಡಬಹುದಿತ್ತು. ಆದರೆ ಮೈಕಿನ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನವರಿಗೂ ಕೇಳಿಸಬೇಕು ಅಂತ ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿ ಮಾಡಿಕೊಂಡಿದ್ದರು. ಎಂಥ ಧೈರ್ಯದ ಕೆಲಸ ಅದು! ಮೈಕ್ ಬಂತು, ಅದರ ಅಗತ್ಯವೇ ಮುಗಿಯಿತು. ಅವರ ಹೆಸರಿನ ಪಿಟೀಲಿನಾಕಾರದ ಭವನ ಬೆಂಗಳೂರಿನಲ್ಲಿದೆ, ಏಳು ತಂತಿ ನುಡಿಸುವವರು ಸಿಗುವುದು ತೀರಾ ಅಪರೂಪ. ಕಂಠವೂ ಬದಲಾಯಿತು. ಎದೆಯಿಂದ ಎತ್ತಿ ಹಾಡುವ ಅನಿವಾರ್ಯ ಹೋಯಿತು. ಮೆಲುದನಿಯವರಿಗೂ ವೇದಿಕೆ ಸಿಕ್ಕಿತು. ಇದು ನಷ್ಟ ಅಂತ ನಾನು ಹೇಳಲ್ಲ, ಲಾಭವೇ ಜಾಸ್ತಿ. ಆದರೆ ಇಲ್ಲಿ ಬದಲಾದವರು ನಾವು. ಪಿಟೀಲಿನ ಜೊತೆ ಇದ್ದ ಹಾಗೆ ಮೈಕಿನ ಜೊತೆ ನಮಗೆ ಗುದ್ದಾಟವೇ ಇರಲಿಲ್ಲ. ತಂದು ಮುಂದೆ ಇಟ್ಟರು, ಹಾಡಿದೆವು.

ನನ್ನ ಪ್ರಕಾರ ಪ್ರಶ್ನೆ ಇರುವುದು ಇಲ್ಲೇ. ಬಂದ ವಸ್ತುವಿನ ಎದುರು ಪಟ್ಟು ಹಿಡಿದು, "ನನಗೆ ಬೇಕಾದದ್ದು ಇದರಲ್ಲಿ ಬರುತ್ತಿಲ್ಲ, ಬರಿಸುತ್ತೇನೆ" ಅನ್ನುವ ಜನ ಇದ್ದಾರಾ? ಇದ್ದರೆ ವಸ್ತು ಬದಲಾಗುತ್ತದೆ. ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ಮಾಡಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಸ್ವತಃ ಕೊಳಲು ನುಡಿಸುವವರು. ಬಾಡಿಗೆ ಕೋಣೆಯಲ್ಲಿ ಕೂತು ಅಭ್ಯಾಸ ಮಾಡುವ ಎಷ್ಟೋ ಮಕ್ಕಳಿಗೆ ಆ ಪೆಟ್ಟಿಗೆ ದೊಡ್ಡ ಉಪಕಾರ ಮಾಡಿದೆ. ಆದರೆ ಬಿರಡೆ ತಿರುಗಿಸಿ, ತಂತಿಯ ಕೆಳಗಿನ ಜೀವಾಳದ ನೂಲು ಸರಿಸಿ, ತಂಬೂರಿಯ ನಾಲ್ಕು ತಂತಿ ಕೂಡಿಸುವಾಗ ಕಿವಿಗೆ ಆಗುತ್ತಿದ್ದ ಪಾಠವೂ ಆ ಸ್ವಿಚ್ಚಿನ ಜೊತೆ ಹೋಯಿತು. ಪಾಠ ಹೇಳುವವರು ಅದನ್ನು ಬೇರೆ ದಾರಿಯಲ್ಲಿ ಕಲಿಸಬೇಕು. ಕಲಿಸುವವರು ಇದ್ದಾರೆ ಕೂಡ.

ನನಗೆ ನಿಜವಾಗಿ ಬೇಜಾರಾಗುವುದು ದೇವಸ್ಥಾನದ ಮಂಗಳಾರತಿ ಮೆಷಿನ್ ನೋಡಿದಾಗ. ನೀವೂ ನೋಡಿರುತ್ತೀರಿ. ಕಬ್ಬಿಣದ ಚೌಕಟ್ಟು, ಒಂದು ಮೋಟಾರು, ನಗಾರಿ, ಜಾಗಟೆ, ಎರಡು ಮೂರು ಗಂಟೆ. ಅರ್ಚಕರು ಆರತಿ ಎತ್ತುವಾಗ ಯಾರೋ ಒಬ್ಬರು ಸ್ವಿಚ್ ಒತ್ತುತ್ತಾರೆ. ಶುರುವಿನಿಂದ ಕೊನೆವರೆಗೆ ಒಂದೇ ವೇಗ. ಕೈಯಲ್ಲಿ ಬಾರಿಸುವವರು ಹಾಗಲ್ಲ. ಅವರ ಕಣ್ಣು ಆರತಿಯ ಮೇಲಿರುತ್ತದೆ. ನಿಧಾನಕ್ಕೆ ಶುರು ಮಾಡಿ, ಕರ್ಪೂರ ಜೋರಾಗಿ ಉರಿಯುವಾಗ ತಾವೂ ಏರಿಸಿ, ಅರ್ಚಕರ ಕೈ ಕೆಳಗಿಳಿಯುವಾಗ ಒಂದೇ ಏಟಿಗೆ ನಿಲ್ಲಿಸುತ್ತಾರೆ. ಮೆಷಿನ್ ಮಾತ್ರ ಸ್ವಿಚ್ ಆಫ್ ಮಾಡಿದ ಮೇಲೂ ಎರಡು ಏಟು ಹೊಡೆದೇ ಸುಮ್ಮನಾಗುತ್ತದೆ.

ಇದಕ್ಕೆ ಮೆಷಿನ್ನನ್ನು ಬೈದು ಏನು ಪ್ರಯೋಜನ? ಅದು ಬರುವ ಮೊದಲೇ ನಾವು ವಾದ್ಯದವರನ್ನು ಕಳೆದುಕೊಂಡಿದ್ದೆವು. ತಲೆತಲಾಂತರದಿಂದ ಬಾರಿಸಿದ ಮನೆತನಗಳಿಗೆ ಎಷ್ಟೋ ಊರುಗಳಲ್ಲಿ ಸಿಕ್ಕಿದ್ದು ಪುಡಿಗಾಸು ಮತ್ತು ಹೊರಗಿನ ಜಗಲಿ. ಜಾತಿ ನೋಡಿ ದೂರ ಕೂರಿಸಿದೆವು, ಹಬ್ಬಕ್ಕೆ ಮಾತ್ರ ಹೇಳಿ ಕಳಿಸಿದೆವು. ಅವರ ಮಕ್ಕಳು ಓದಿ ಪೇಟೆಗೆ ಹೋದರು. ಹೋಗಿದ್ದು ಸರಿಯಾಗಿಯೇ ಇದೆ. ಖಾಲಿಯಾದ ಆ ಜಾಗಕ್ಕೆ ಮೋಟಾರು ಬಂದು ಕೂತಿತು. ಜಾಗ ಖಾಲಿ ಮಾಡಿಸಿದ್ದು ನಮ್ಮ ನಡವಳಿಕೆ.

ಹಾಗಾಗಿ ನಮ್ಮೂರ ದೇವಸ್ಥಾನದ ಸಮಿತಿಯವರ ಹತ್ತಿರ ನಾನು ಕೇಳುತ್ತಿರುವುದು ಮೆಷಿನ್ ತೆಗೆಯಿರಿ ಅಂತಲ್ಲ. ಇನ್ನೂ ಬಾರಿಸಬಲ್ಲ ಹಿರಿಯರಿಗೆ ತಿಂಗಳ ಸಂಬಳ ಗೊತ್ತು ಮಾಡಿ, ಒಳಗೆ ಕರೆದು ಕೂರಿಸಿ. ಯಾವ ಜಾತಿಯ ಮಕ್ಕಳು ಕಲಿಯಲು ಬಂದರೂ ಭಾನುವಾರ ಅವರಿಂದ ಕಲಿಸಿ. ಜಾತ್ರೆಯ ಲೈಟಿಂಗಿಗೆ ಆಗುವ ಖರ್ಚಿನ ಎದುರು ಇದು ದೊಡ್ಡ ಮೊತ್ತವೇ ಅಲ್ಲ. ನಿಮ್ಮ ಊರಿನಲ್ಲಿ ಈಗಾಗಲೇ ಹೀಗೆ ಮಾಡುತ್ತಿದ್ದರೆ ದಯವಿಟ್ಟು ಬರೆಯಿರಿ, ಸಮಿತಿಯವರಿಗೆ ತೋರಿಸುತ್ತೇನೆ.