ಕೊನೆಯ ಐದು ನಿಮಿಷ

ಕೊಪ್ಪಳದಂಥ ಊರಿನಲ್ಲಿ ದೊಡ್ಡ ಅಚ್ಚರಿಗಳು ವರ್ಷಕ್ಕೊಮ್ಮೆ ನಡೆದರೆ ಹೆಚ್ಚು. ಸಣ್ಣವು ಮಾತ್ರ ಬೆಳಗಾಗುವುದನ್ನೇ ಕಾಯುತ್ತಿರುತ್ತವೆ. ಚಿಲ್ಲರೆಯಿಲ್ಲವೆಂದು ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟಿದ್ದ ಕಂಡಕ್ಟರು, ನಾವೇ ಮರೆತು ಇಳಿದು ನಾಲ್ಕು ಹೆಜ್ಜೆ ಹೋದ ಮೇಲೆ, ಬಾಗಿಲಿನಿಂದ ತಲೆ ಹೊರಹಾಕಿ ಕೂಗಿ ಕರೆದು ಏಳು ರೂಪಾಯಿಯನ್ನು ಕೈಗಿಡುತ್ತಾರೆ. ಒಗೆಯಲು ಹಾಕಬೇಕೆಂದು ತೆಗೆದ ಅಂಗಿಯ ಜೇಬಿನಲ್ಲಿ ಐವತ್ತರ ನೋಟೊಂದು ನಾಲ್ಕು ಮಡಿಕೆಯಾಗಿ ಸಿಗುತ್ತದೆ. ಅದು ನಮ್ಮದೇ ದುಡ್ಡು, ಆದರೂ ಯಾರೋ ಕೊಟ್ಟರೇನೋ ಎಂಬಂತೆ ಹಿಗ್ಗುತ್ತೇವೆ. ಮೇ ತಿಂಗಳ ಉರಿಯಲ್ಲಿ ಕರೆಂಟು ಹೋಗಿ, ಮನೆಯೆಲ್ಲ ತಡಕಾಡಿ ಬೀಸಣಿಗೆಯನ್ನು ಹುಡುಕಿ ತಂದು ಕುಳಿತ ಗಳಿಗೆಗೆ ಸರಿಯಾಗಿ ಫ್ಯಾನು ತಿರುಗತೊಡಗುತ್ತದೆ. ಗೋಡೆಯ ವಿಚಾರಕ್ಕೆ ಮಾತು ಬಿಟ್ಟಿದ್ದ ಪಕ್ಕದ ಮನೆಯವರು ಎಳ್ಳಮಾವಾಸ್ಯೆಯ ಮಧ್ಯಾಹ್ನ ಮಗನ ಕೈಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಳುಹಿಸುತ್ತಾರೆ, ಮಾತು ಮಾತ್ರ ಮರುದಿನವೂ ಆಡುವುದಿಲ್ಲ. ಇವಕ್ಕೆ ಹಿಂದಿಲ್ಲ, ಮುಂದಿಲ್ಲ. ನಿನ್ನೆಯ ಅಚ್ಚರಿಯನ್ನು ಬಲ್ಲೆವೆಂದ ಮಾತ್ರಕ್ಕೆ ಇವತ್ತಿನದನ್ನು ಊಹಿಸಲು ಬರುವುದಿಲ್ಲ. ದಿನಕ್ಕೊಂದು ಕತೆ, ಕತೆಗೊಂದು ಹೊಸ ಮುಖ.

ಇದೇ ದಿನದ ಇನ್ನೊಂದು ಪಾಲನ್ನು ಫೋನು ನೋಡಿಕೊಳ್ಳುತ್ತದೆ. ಅಲ್ಲಿ ಬೆಳಗಾಗುವುದು ಸಿಟ್ಟಿನೊಂದಿಗೆ. ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಬಸ್ ನಿಲ್ದಾಣದ ಆಚೆಯ ಸಂದಿಯಲ್ಲಿರುವ ಒಗ್ಗರಣೆ-ಮಿರ್ಚಿ ಅಂಗಡಿಯ ಹೊಸ್ತಿಲಲ್ಲಿ, ನೆಲದ ಮೇಲೆ, ಹಣ್ಣುಹಣ್ಣು ಮುದುಕಿಯೊಬ್ಬಳು ಹರಿದ ಪೇಪರಿನ ಮೇಲೆ ಮಂಡಕ್ಕಿ ಇಟ್ಟುಕೊಂಡು ತಿನ್ನುತ್ತಿದ್ದಾಳೆ. ಒಳಗೆ ಬೆಂಚುಗಳು ಖಾಲಿ ಇವೆ. ‘ಮಾನವೀಯತೆ ಸತ್ತುಹೋಯಿತೆ? ಬಡವರೆಂದರೆ ಇಷ್ಟು ಕಡೆಯೆ?’ ಎಂಬ ಒಕ್ಕಣೆ ಕೆಳಗಿತ್ತು. ಹತ್ತು ಗಂಟೆಯ ಹೊತ್ತಿಗೆ ಕೆಂಪು ಮುಖದ ಗುರುತುಗಳು ಸಾಲುಗಟ್ಟಿದವು. ಅಂಗಡಿಯನ್ನು ಮುಚ್ಚಿಸಬೇಕೆಂದು ಒಬ್ಬರು, ಅಂಗಡಿಯವನ ಜಾತಿ ಯಾವುದೆಂದು ಇನ್ನೊಬ್ಬರು, ಈ ಕಾಲಕ್ಕೆ ಏನೆನ್ನುವುದೆಂದು ಮತ್ತೊಬ್ಬರು ಬರೆದರು. ಅಷ್ಟು ಜನರ ಪೈಕಿ ಅಂಗಡಿಯವರೆಗೆ ನಡೆದುಹೋಗಿ ಬಂದವರು ಯಾರೂ ಇದ್ದಂತಿರಲಿಲ್ಲ. ನಡೆದರೆ ಐದು ನಿಮಿಷದ ದಾರಿ.

ಆ ಅಂಗಡಿಯ ಮಿರ್ಚಿಗೆ ಓಮಕಾಳನ್ನು ಅರೆದು ತುಂಬುತ್ತಾರಾದ್ದರಿಂದ ನಾನು ಅಲ್ಲಿಗೆ ಹೋಗುವುದುಂಟು. ಮರುದಿನ ಹೋದಾಗಲೂ ಆ ಅಜ್ಜಿ ಅದೇ ಹೊಸ್ತಿಲಲ್ಲಿ, ಕಾಲು ಚಾಚಿ, ಮೊರದ ತುಂಬ ಹಸಿಮೆಣಸಿನಕಾಯಿ ಹರಡಿಕೊಂಡು ಕುಳಿತಿದ್ದರು. ಒಂದೊಂದನ್ನೇ ಎತ್ತಿ, ತೊಟ್ಟು ಮುರಿಯದಂತೆ ಹೆಬ್ಬೆರಳ ಉಗುರಿನಿಂದ ಹೊಟ್ಟೆ ಸೀಳಿ, ಸೊಟ್ಟಗಿರುವುದನ್ನು ಗೊಣಗುತ್ತ ಬೇರೆಯಾಗಿಡುತ್ತಿದ್ದರು. ಫೋಟೊದ ವಿಚಾರ ಎತ್ತದೆ, ಅಜ್ಜಿಯನ್ನು ಒಳಗೆ ಕೂರಿಸಬಾರದೇ ಎಂದು ಅಂಗಡಿಯವರನ್ನು ಕೇಳಿದೆ. “ನಮ್ಮ ಅವ್ವರೀ ಆಕಿ. ಬೆಂಚಿನ ಮ್ಯಾಲೆ ಕುಂದರು ಅಂದ್ರ ಬೈತಾಳ. ಹೊಸ್ತಿಲದಾಗ ಕುಂತ್ರ ಬೀದಿ ಎಲ್ಲಾ ಕಾಣ್ತದ, ಗಲ್ಲಾ ಪೆಟಗೀನೂ ಕಾಣ್ತದ,” ಎಂದರು. ಅಂಗಡಿ ಅಜ್ಜಿಯ ಹೆಸರಿನಲ್ಲಿಯೇ ಇದೆಯಂತೆ. ಮಗನಿಗೆ ದಿನದ ಖರ್ಚಿಗೆ ಎಷ್ಟು ಕೊಡಬೇಕೆಂಬುದನ್ನೂ ಆಕೆಯೇ ತೀರ್ಮಾನಿಸುತ್ತಾರಂತೆ. ಓಣಿಯ ಗುಂಪು ಅಷ್ಟರೊಳಗೆ ಬೇರೊಂದು ಊರಿನ ಬೇರೊಂದು ಅನ್ಯಾಯದ ಕಡೆಗೆ ಹೊರಳಿತ್ತು.

ಅವತ್ತು ನನಗೆ ನೆನಪಾದದ್ದು ಹಳೆಯ ಟೀವಿಯ ಬಿಡಿಕತೆಗಳ ಸರಣಿಗಳು. ಒಂದು ವಾರದ ಪಾತ್ರ ಮುಂದಿನ ವಾರಕ್ಕೆ ಬಾರದ, ಅರ್ಧ ಗಂಟೆಯಲ್ಲಿ ಒಂದು ಬದುಕನ್ನು ತೆರೆದು, ಕೊನೆಯ ಐದು ನಿಮಿಷದಲ್ಲಿ ಅದನ್ನು ಮಗುಚಿ ಹಾಕಿ ಹೋಗುವ ಸರಣಿಗಳು. ನಮ್ಮ ಸೀಮೆಗೂ ಟೀವಿಗೂ ಇರುವ ನಂಟು ಹೊರಗಿನವರು ಎಣಿಸುವುದಕ್ಕಿಂತ ಹಳೆಯದು. 1975ರ ಆಗಸ್ಟ್ 1ರಂದು ಆರಂಭವಾಗಿ ಒಂದು ವರ್ಷ ನಡೆದ, ಉಪಗ್ರಹದ ಮೂಲಕ ಟೀವಿ ತೋರಿಸುವ ‘ಸೈಟ್’ ಎಂಬ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದಾಗ, ಕರ್ನಾಟಕದಿಂದ ಸೇರಿದ್ದು ಗುಲ್ಬರ್ಗಾ, ಬಿಜಾಪುರ ಮತ್ತು ಆಗ ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಇನ್ನೂ ಆರಂಭವಾಗಿರಲಿಲ್ಲ. ಈ ಮಾತನ್ನು ಬೆಂಗಳೂರಿನ ನೆಂಟರ ಮುಂದೆ ಹೇಳುವುದರಲ್ಲಿ ಒಂದು ಸುಖವಿದೆ.

ನಮ್ಮ ತಲೆಮಾರಿಗೆ ದಕ್ಕಿದ್ದು ಅದರ ಮುಂದಿನ ದಶಕದ ಟೀವಿ. 1985ರಲ್ಲಿ ರಮಾನಂದ ಸಾಗರ್ ಅವರ ‘ವಿಕ್ರಮ್ ಔರ್ ಬೇತಾಳ್’ ಬಂತು. ಅದರ ಮರುವರ್ಷ ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’. ಆಗುಂಬೆಯ ಮಳೆಯಲ್ಲಿ ಚಿತ್ರೀಕರಿಸಿದ್ದ ಮಾಲ್ಗುಡಿಯ ಹಸಿರನ್ನು ನಾವು ಕಪ್ಪು-ಬಿಳಿ ಪೆಟ್ಟಿಗೆಯಲ್ಲಿ, ತುಂಬಿದ ಪರರ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಸರಳು ಹಿಡಿದು ನೋಡಿದೆವು. ನಟರು ಕನ್ನಡದವರು, ಮಾತು ಹಿಂದಿ. ನಿಜಾಮರ ಕಾಲದಿಂದ ಸಂತೆಯಲ್ಲಿ ಉರ್ದು ಕೇಳಿ ಬೆಳೆದ ನಮ್ಮ ಹಿರಿಯರಿಗೆ ಅದೊಂದು ತೊಡಕೆನಿಸಲಿಲ್ಲ. ತಿಳಿಯದ ಕಡೆ ಅವರು ತಾವೇ ಒಂದು ಸಂಭಾಷಣೆಯನ್ನು ಕಟ್ಟಿ ಹೇಳುತ್ತಿದ್ದರು, ಅದು ಎಷ್ಟೋ ಸಲ ಮೂಲಕ್ಕಿಂತ ಖಾರವಾಗಿರುತ್ತಿತ್ತು.

ಬೇತಾಳನ ಕರಾರನ್ನು ಈಗ ನೆನೆದರೆ ಅದರ ಜಾಣತನ ತಿಳಿಯುತ್ತದೆ. ಅವನು ರಾಜನ ಹೆಗಲೇರಿ ಕತೆಯನ್ನು ಪೂರ್ತಿ ಹೇಳುತ್ತಾನೆ. ಆಮೇಲಷ್ಟೇ, ಇವರಲ್ಲಿ ತಪ್ಪು ಯಾರದು ಎಂದು ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತಾನೆ. ತೀರ್ಪು ಕೊಡುವುದು ಅಲ್ಲಿ ಕಷ್ಟದ ಕೆಲಸ, ಕೊಟ್ಟ ತೀರ್ಪಿಗೆ ಬೆಲೆ ತೆರಬೇಕು. ನಮ್ಮ ಓಣಿಯ ಗುಂಪಿನ ವಿಕ್ರಮಾದಿತ್ಯರು ಬೇತಾಳ ಹೆಗಲೇರುವ ಮೊದಲೇ ಉತ್ತರ ಕೊಟ್ಟು ಮುಗಿಸಿರುತ್ತಾರೆ.

ಇಂಥದೇ ಬಿಡಿಕತೆಗಳ ಸರಣಿಯಾದ ಅಮೆರಿಕದವರ ‘ದಿ ಟ್ವೈಲೈಟ್ ಝೋನ್’ ನಮಗೆ ಆಗ ಸಿಕ್ಕಿರಲಿಲ್ಲ. ಬಹಳ ವರ್ಷಗಳ ಮೇಲೆ, ಅದೂ ಫೋನಿನ ಕೃಪೆಯಿಂದಲೇ, ಸಿಕ್ಕಿತು. 1959ರಿಂದ 1964ರವರೆಗೆ 156 ಕಂತುಗಳಲ್ಲಿ ಬಂದ ಈ ಸರಣಿಯ 92 ಕಂತುಗಳನ್ನು ಅದರ ರೂವಾರಿ ರಾಡ್ ಸರ್ಲಿಂಗ್ ಒಬ್ಬರೇ ಬರೆದರು. 1960ರ ಮಾರ್ಚಿಯಲ್ಲಿ ಪ್ರಸಾರವಾದ ಮೇಪಲ್ ಬೀದಿಯ ಕತೆ ಅವುಗಳಲ್ಲಿ ಒಂದು. ನೆಮ್ಮದಿಯ ಬೀದಿಯೊಂದರ ಮೇಲೆ ಸಂಜೆ ಏನೋ ಮಿಂಚಿ ಗುಡುಗಿ ಹೋಗುತ್ತದೆ. ದೀಪಗಳು ಆರುತ್ತವೆ, ಫೋನು ಸತ್ತುಹೋಗುತ್ತದೆ, ಕಾರುಗಳು ಕದಲುವುದಿಲ್ಲ. ಇಂಥ ಹೊತ್ತಿನಲ್ಲಿ ಅನ್ಯಗ್ರಹದವರು ಮನುಷ್ಯರ ವೇಷದ ಒಂದು ಕುಟುಂಬವನ್ನು ಮೊದಲೇ ಕಳುಹಿಸಿರುತ್ತಾರೆಂದು ಪುಸ್ತಕದಲ್ಲಿ ಓದಿದ್ದ ಹುಡುಗನೊಬ್ಬ ಹೇಳುತ್ತಾನೆ. ಅಷ್ಟು ಸಾಕಾಗುತ್ತದೆ. ತನ್ನಷ್ಟಕ್ಕೆ ಶುರುವಾದ ಕಾರಿನ ಒಡೆಯನ ಮೇಲೆ ಮೊದಲು ಕಣ್ಣು ಬೀಳುತ್ತದೆ. ಅವನು ರಾತ್ರಿ ನಿದ್ದೆ ಬಾರದೆ ಆಕಾಶ ನೋಡುತ್ತ ನಿಲ್ಲುತ್ತಿದ್ದುದು ಸಾಕ್ಷ್ಯವಾಗುತ್ತದೆ. ಆಮೇಲೆ ರೇಡಿಯೊ ಕಟ್ಟುವ ಹವ್ಯಾಸವಿದ್ದವನ ಸರದಿ. ಕತ್ತಲಲ್ಲಿ ಯಾರೋ ನಡೆದು ಬರುವುದು ಕಾಣುತ್ತದೆ, ಒಬ್ಬ ಗುಂಡು ಹಾರಿಸುತ್ತಾನೆ. ಸತ್ತವನು, ಪಕ್ಕದ ಬೀದಿಯಲ್ಲಿ ಕರೆಂಟು ಇದೆಯೇ ಎಂದು ನೋಡಿಬರಲು ಹೋಗಿದ್ದ ಇದೇ ಬೀದಿಯ ನೆರೆಯವನು. ನಿಜವನ್ನು ತಿಳಿಯಲು ಕಾಲೆತ್ತಿ ನಡೆದವನು ಇಡೀ ಬೀದಿಯಲ್ಲಿ ಅವನೊಬ್ಬನೇ ಎಂಬುದು ನನಗೆ ಆ ಕತೆಯಲ್ಲಿ ಎಲ್ಲಕ್ಕಿಂತ ಚುಚ್ಚಿದ್ದು. ಅನ್ಯಗ್ರಹದವರು ಇದ್ದದ್ದಂತೂ ನಿಜ. ಅವರು ದೂರದ ಗುಡ್ಡದ ಮೇಲೆ ಕುಳಿತು, ದೀಪ ಆರಿಸಿ ಹೊತ್ತಿಸಿ ಮಾಡುತ್ತ, ಉಳಿದ ಕೆಲಸವನ್ನು ಬೀದಿಯವರಿಗೇ ಬಿಟ್ಟಿದ್ದರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನಮ್ಮ ಜಿಲ್ಲೆಯೇ ಮೇಪಲ್ ಬೀದಿಯಾಯಿತು. 33 ಗೇಟುಗಳಲ್ಲಿ ಹೋದದ್ದು ಒಂದು. ಫೋನಿನಲ್ಲಿ ಮಾತ್ರ ಬೆಳಗಾಗುವಷ್ಟರಲ್ಲಿ ಅಣೆಕಟ್ಟೇ ಹೋಗಿತ್ತು. ಯಾವುದೋ ದೇಶದ ಯಾವುದೋ ಅಣೆಕಟ್ಟಿನ ವಿಡಿಯೊ ಮುನಿರಾಬಾದಿನದೆಂದು ಓಡಾಡಿತು. ಯಾರ ಹೊಣೆ ಎಂಬ ಪ್ರಶ್ನೆ ನ್ಯಾಯವಾದದ್ದೇ, ಈ ನೀರನ್ನು ನಂಬಿ ಭತ್ತದ ಸಸಿ ಹಾಕಿಕೊಂಡವರಿಗೆ ಅದನ್ನು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು. ಆದರೆ ನೀರು ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಗೊತ್ತಾಗುವ ಮುಂಚೆಯೇ ಅಪರಾಧಿಗಳ ಪಟ್ಟಿ ನಮ್ಮ ಗುಂಪಿನಲ್ಲಿ ಸಿದ್ಧವಾಗಿತ್ತು. ಪಟ್ಟಿ ಮಾಡಿದವರ ಪಕ್ಷಕ್ಕೆ ತಕ್ಕಂತೆ ಹೆಸರುಗಳು ಬದಲಾಗುತ್ತಿದ್ದವು, ಅಷ್ಟೆ. ವಾರ ಕಳೆಯುವುದರೊಳಗೆ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಇಳಿಸಿ ಆ ಬಾಯಿಯನ್ನು ಮುಚ್ಚಿದರು. ಹರಿವು ನಿಲ್ಲದೆ ಈ ಕೆಲಸ ಆಗದೆಂದು ಬಲ್ಲವರಂತೆ ಬರೆದಿದ್ದವರೆಲ್ಲ ಅವತ್ತು ಹಾರ, ಚಪ್ಪಾಳೆಗಳ ಚಿತ್ರ ಹಾಕಿದರು. ಇಷ್ಟು ಒಳ್ಳೆಯ ಅಚ್ಚರಿಗೆ ಬಂದ ಪ್ರತಿಕ್ರಿಯೆ, ಸಿಟ್ಟಿಗೆ ಬಂದದ್ದರ ಕಾಲುಭಾಗವೂ ಇರಲಿಲ್ಲವೆಂದು ನನ್ನ ಅಂದಾಜು.

ಇದನ್ನೆಲ್ಲ ಫೋನಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಅಮೆರಿಕದ ದಕ್ಷಿಣದ ಮಿಸಿಸಿಪಿ ರಾಜ್ಯದಲ್ಲಿ 1955ರಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದವರು ಬಿಡುಗಡೆಯಾದದ್ದನ್ನು ಕಂಡು ಸರ್ಲಿಂಗ್ ಒಂದು ಟೀವಿ ನಾಟಕ ಬರೆದರು. ಕತೆಗೂ ಆ ಕೊಲೆಗೂ ನಂಟಿದೆಯೆಂಬ ಸುದ್ದಿ ಹಬ್ಬಿದ್ದೇ ತಡ, ನಾಟಕ ಪ್ರಸಾರವಾಗುವ ಮೊದಲೇ, ಅಂದರೆ ಒಬ್ಬ ಪ್ರೇಕ್ಷಕನೂ ನೋಡಿರದಿದ್ದಾಗಲೇ, ಪ್ರತಿಭಟನೆಯ ಕಾಗದಗಳು, ತಂತಿಗಳು ಸಾವಿರಗಟ್ಟಲೆ ಬಂದು ಬಿದ್ದವು. ಪ್ರಾಯೋಜಕರು ಬೆದರಿದರು, ಊರು ಬದಲಾಯಿತು, ಸತ್ತವನ ಗುರುತು ಬದಲಾಯಿತು, ದಕ್ಷಿಣದ ನೆನಪು ಬರಬಹುದೆಂದು ರಂಗದ ಮೇಲಿದ್ದ ಕೋಕಾಕೋಲಾ ಬಾಟಲಿಗಳನ್ನೂ ಎತ್ತಿಸಿದರು. ಆಮೇಲೆ ಸರ್ಲಿಂಗ್ ತಮ್ಮ ಮಾತನ್ನು ಅನ್ಯಗ್ರಹದವರ, ಮಾತಾಡುವ ಗೊಂಬೆಗಳ ಬಾಯಿಗೆ ಹಾಕಿದರು; ಅವುಗಳನ್ನು ಯಾರೂ ಆಕ್ಷೇಪಿಸಲಿಲ್ಲ. ಸಿಟ್ಟು ಅವರಿಗೂ ಇತ್ತು, ಕಾಗದ ಬರೆದವರಿಗಿಂತ ಹೆಚ್ಚೇ ಇತ್ತು. ಅದನ್ನು ಅವರು ಕತೆಯ ಕೊನೆಯವರೆಗೆ ಬಿಗಿಹಿಡಿಯಬಲ್ಲವರಾಗಿದ್ದರು.

ದಿನಾ ಬರುವ ಧಾರಾವಾಹಿಗಳು ನಮ್ಮನ್ನು ಇನ್ನೊಂದು ಬಗೆಯ ನೋಟಕ್ಕೆ ಒಗ್ಗಿಸಿವೆ. ಅಲ್ಲಿ ಕೇಡಿಗ ಯಾರೆಂಬುದು ಮೊದಲ ವಾರವೇ ನಿಕ್ಕಿ; ಹುಬ್ಬಿನ ಆಕಾರ, ಹಿನ್ನೆಲೆಯ ಡೋಲು ಸಾಕು, ಮುಂದಿನ ಮೂರು ವರ್ಷ ಅವಳನ್ನು ನಿಶ್ಚಿಂತೆಯಿಂದ ದ್ವೇಷಿಸುತ್ತಿರಬಹುದು. ಬಿಡಿಕತೆಯಲ್ಲಿ ಆ ಅನುಕೂಲವಿಲ್ಲ. ಬಾಗಿಲು ತೆರೆದು ಬಂದವನು ಒಳ್ಳೆಯವನೋ ಕೆಟ್ಟವನೋ ಎಂದು ಹೇಳುವವರಿಲ್ಲ. ಅವನ ಬಗ್ಗೆ ನಮಗೊಂದು ಅಭಿಪ್ರಾಯ ಕೂಡುವ ಹೊತ್ತಿಗೆ ಕತೆ ಮುಗಿದು, ಆ ಅಭಿಪ್ರಾಯವೂ ಅಲುಗಾಡಿರುತ್ತದೆ. ಬೀದಿಯಲ್ಲಿ ಎದುರಾಗುವವರು ಹೆಚ್ಚಿನಂಶ ಹೀಗೆ ಬಂದು ಹೋಗುವವರೇ. ಅವರನ್ನು ನಾವು ಧಾರಾವಾಹಿಯ ಪಾತ್ರಗಳೆಂದು ನೋಡಿದಾಗಲೇ ಅಂಗಡಿ ಮುಚ್ಚಿಸುವ ಮಾತು ಹುಟ್ಟುವುದು.

ಈಚೆಗೆ ಭಾನುವಾರದ ಸಂಜೆಗಳಲ್ಲಿ ಮನೆಮಂದಿಯೆಲ್ಲ ಕೂತು ‘ಮಾಲ್ಗುಡಿ ಡೇಸ್’ ಮತ್ತೆ ನೋಡುತ್ತಿದ್ದೇವೆ. ಮೊನ್ನೆ ಬಂದದ್ದು ತಡೆದಿಟ್ಟ ಟಪಾಲಿನ ಕತೆ. ರಾಮಾನುಜಂ ಎಂಬವರ ಮಗಳ ಮದುವೆ ಕಷ್ಟಪಟ್ಟು ಕೂಡಿಬಂದಿದೆ, ಆ ಮುಹೂರ್ತ ತಪ್ಪಿದರೆ ವರ್ಷಗಟ್ಟಲೆ ಕಾಯಬೇಕು. ಆ ಮನೆಯ ಸುಖದುಃಖವೆಲ್ಲ ಬಲ್ಲ ಅಂಚೆಯಣ್ಣ ತಾನಪ್ಪ, ಹತ್ತಿರದ ಬಂಧುವಿನ ಕಾಯಿಲೆಯ ಕಾರ್ಡನ್ನೂ ಸಾವಿನ ತಂತಿಯನ್ನೂ ತನ್ನಲ್ಲೇ ಇಟ್ಟುಕೊಂಡು, ಮದುವೆ ಮುಗಿದ ಮೇಲೆ ತಂದುಕೊಟ್ಟು, ಬೇಕಾದರೆ ದೂರು ಕೊಡಿ ಎನ್ನುತ್ತಾನೆ. ರಾಮಾನುಜಂ ನೋಯುತ್ತಾರೆ, ಹೀಗೆ ಮಾಡಬಾರದಿತ್ತೆನ್ನುತ್ತಾರೆ, ದೂರು ಕೊಡುವುದಿಲ್ಲ.

ನಮ್ಮ ಮಾವನವರು ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು. ಕತೆ ಮುಗಿಯುತ್ತಲೇ ಕುರ್ಚಿಯಿಂದ ಎದ್ದುನಿಂತರು. “ಸಸ್ಪೆನ್ಷನ್ ತಪ್ಪಂಗಿಲ್ಲ. ಕಾರ್ಡಿನ ಮ್ಯಾಲೆ ತಾರೀಖಿನ ಸೀಲು ಇರ್ತದ, ತಂತಿಗೆ ವ್ಯಾಳ್ಯಾ ಬರದಿರ್ತಾರ, ಮುಚ್ಚಿಡೂದು ಸಾಧ್ಯನಽ ಇಲ್ಲ,” ಎಂದು, ಚಾರ್ಜ್‌ಶೀಟಿನಿಂದ ಹಿಡಿದು ಇಲಾಖಾ ವಿಚಾರಣೆಯವರೆಗೆ ತಾನಪ್ಪನನ್ನು ಹಂತಹಂತವಾಗಿ ನಡೆಸಿಕೊಂಡು ಹೋದರು. 2013ರ ಜುಲೈಯಲ್ಲಿ ತಂತಿಸೇವೆಯೇ ನಿಂತುಹೋಗಿದೆಯೆಂದು ಮೊಮ್ಮಗ ನೆನಪಿಸಿದರೂ ಅವರು ತಾನಪ್ಪನಿಗೆ ಮಾಫಿ ಕೊಡಲಿಲ್ಲ.

ಅತ್ತೆಯವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿದರು: “ಹಂಗಾದ್ರ ನಮ್ಮ ತಂಗಿ ಲಗ್ನದಾಗ, ಗಂಡಿನ ಕಡ್ಯಾವರ ಸೋದರಮಾವ ತೀರಿದ ಕಾಗದ ಅಕ್ಕಿಕಾಳು ಬಿದ್ದ ಮರುದಿನ ಬಂತಲ್ಲ, ಅದು ಯಾರ ಕೈಯಾಗಿಂದ ಬಂತು? ಆವಾಗ ನಮ್ಮೂರ ಆಫೀಸಿನಾಗ ಇದ್ದವ್ರು ನೀವಽ ಅಲ್ಲೇನು?”

ಮಾವನವರು ಕನ್ನಡಕವನ್ನು ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ, ನನ್ನ ಕಡೆ ತಿರುಗಿ, ಲಾಟರಿಯಲ್ಲಿ ಬಂದ ರಸ್ತೆ ಇಂಜಿನ್ನನ್ನು ಎಲ್ಲಿ ಇಡುವುದೆಂದು ತಿಳಿಯದೆ ಒದ್ದಾಡುವವನ ಕಂತು ಇನ್ನೂ ಬಂದಿಲ್ಲವಲ್ಲ, ಅದನ್ನು ಹಚ್ಚು ಎಂದರು.