ಜೇಬಿನ ಕ್ಯಾಮೆರಾ, ಬೀರುವಿನ ಕ್ಯಾಮೆರಾ

ಹೋದ ಭಾನುವಾರ ಕರ್ನಾಟಕ ಬಿಟ್ಟು ನಾನೀಗ ನೆಲೆಸಿರುವ ಕಡೆಯ ಹವ್ಯಾಸಿ ಛಾಯಾಗ್ರಾಹಕರ ಜೊತೆ ಚಿತ್ರ ತೆಗೆಯಲು ಹೊರಟಿದ್ದಾಗ, ಗುಂಪಿನ ಹಿರಿಯರೊಬ್ಬರು ನನ್ನ ಹೆಗಲ ಮೇಲಿದ್ದ ಸೋನಿ ಎ7 3 ಕ್ಯಾಮೆರಾ ಮತ್ತು 24-70 ಜೂಮ್ ಲೆನ್ಸನ್ನು ನೋಡಿ, "ಈ ವಾರ ಇದರಲ್ಲಿ ಏನು ತೆಗೆದಿರಿ?" ಎಂದು ಕೇಳಿದರು. ಒಂದೂವರೆ ಕಿಲೋದ ಆ ಜೋಡಿ ಅಂದಿನವರೆಗೆ ಮೂರು ತಿಂಗಳು ಬೀರುವಿನಿಂದ ಹೊರಬಂದೇ ಇರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ.

ಕರ್ನಾಟಕದಲ್ಲಿದ್ದಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಮ್ಮ ಬಳಗದಲ್ಲಿ ಮಾತು ಶುರುವಾಗುತ್ತಿದ್ದುದೇ "ಯಾವ ಬಾಡಿ, ಯಾವ ಲೆನ್ಸು?" ಎಂಬಲ್ಲಿಂದ. ಬಾಡಿ ಎಂದರೆ ಲೆನ್ಸು ಬಿಟ್ಟ ಬರೀ ಕ್ಯಾಮೆರಾ. ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾ ಇಲ್ಲದವನು ತುಸು ದನಿ ತಗ್ಗಿಸಿಯೇ ಉತ್ತರಿಸುತ್ತಿದ್ದ. ಜೇಬಿಗೆ ಹಿಡಿಯುವ ಕಾಂಪ್ಯಾಕ್ಟ್ ಕ್ಯಾಮೆರಾ ಇಟ್ಟುಕೊಂಡವನನ್ನು ಛಾಯಾಗ್ರಾಹಕನೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಭದ್ರವಾಗಿದ್ದ ಕ್ಯಾಮೆರಾಗೆ ಬೂಷ್ಟು ಹಿಡಿಯುತ್ತಿರಲಿಲ್ಲ, ನಿಜ, ಬಿಸಿಲೂ ತಾಗುತ್ತಿರಲಿಲ್ಲ.

ಆ ಹಿರಿಯರ ಅಂಗಿಯ ಜೇಬಿನಲ್ಲಿದ್ದುದು ರಿಕೋ ಜಿಆರ್ 3 ಎಂಬ ಕಾಂಪ್ಯಾಕ್ಟ್. ಬ್ಯಾಟರಿ, ಮೆಮೊರಿ ಕಾರ್ಡೂ ಸೇರಿ ತೂಕ 257 ಗ್ರಾಂ. ಆದರೆ ಒಳಗಿರುವುದು ದೊಡ್ಡ ಕ್ಯಾಮೆರಾಗಳಲ್ಲೂ ಬಳಸುವ ಎಪಿಎಸ್-ಸಿ ಸೆನ್ಸರ್. ಫೋಕಸನ್ನು ಎರಡೂವರೆ ಮೀಟರಿಗೆ, ಬೆಳಕು ಒಳಬರುವ ಕಿಂಡಿಯಾದ ಅಪರ್ಚರನ್ನು ಎಫ್8ರಷ್ಟು ಕಿರಿದಿಗೆ ಮೊದಲೇ ಹೊಂದಿಸಿಟ್ಟರೆ, ಸುಮಾರು 1.2 ಮೀಟರಿನಿಂದಾಚೆ ಇರುವುದೆಲ್ಲ ಸ್ಪಷ್ಟವಾಗಿ ಬೀಳುತ್ತದೆ. ಬಟನ್ ಒತ್ತಿದರಾಯಿತು, ಫೋಕಸ್ ಹುಡುಕುವ ತಡವಿಲ್ಲ. ನಾನು ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ ಅವರು ಮೂರು ಚಿತ್ರ ತೆಗೆದಿದ್ದರು. ಗುಂಪಿನ ಮತ್ತೊಬ್ಬರು 2012ರ ಕಾಂಪ್ಯಾಕ್ಟ್, ಮೊದಲ ಸೋನಿ ಆರ್‌ಎಕ್ಸ್100 ಅನ್ನು ಇನ್ನೂ ಬಳಸುತ್ತಿದ್ದಾರೆ, ಮೈಮೇಲಿನ ಬಣ್ಣ ಸವೆದಿದೆ. ಅದನ್ನು ಬದಲಿಸುವಿರಾ ಎಂದು ಕೇಳಿದ್ದಕ್ಕೆ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. ನಮ್ಮವರು ಇದನ್ನು ಕಲಿಯುವುದು ಯಾವಾಗ ಎಂದು ಸಿಡುಕಿಕೊಂಡೇ ಮನೆಗೆ ಬಂದೆ.

ಆದರೂ ಒಂದು ಮಾತು ಒಪ್ಪಲೇಬೇಕು. ರಿಕೋದ 28 ಎಂಎಂನ ಅಗಲ ನೋಟದಲ್ಲಿ ಕೆರೆಯಾಚೆಯ ಮಿಂಚುಳ್ಳಿ ಒಂದು ನೀಲಿ ಚುಕ್ಕೆ, ಅಷ್ಟೇ. ಊರಿನ ಗೆಳೆಯರಲ್ಲಿ ಹೆಚ್ಚಿನವರು ಹಕ್ಕಿಗಳ ಹಿಂದೆ ಬಿದ್ದವರು. ಅವರಿಗೆ ಭಾರದ ಲೆನ್ಸು ಬರೀ ಒಣಜಂಬವಾಗಿರಲಿಲ್ಲ. ಎರಡು ಕಿಲೋ ಮೀರಿದ, ದೂರದ್ದನ್ನು ಹತ್ತಿರ ತೋರಿಸುವ ತನ್ನ 200-600 ಜೂಮನ್ನು ಒಬ್ಬ ಗೆಳೆಯ ನನಗೆ ವಾರಗಟ್ಟಲೆ ಬಿಟ್ಟುಕೊಡುತ್ತಿದ್ದ, ಯಾವಾಗ ಹಿಂದಿರುಗಿಸುತ್ತೀಯೆಂದು ಒಮ್ಮೆಯೂ ಕೇಳಿದವನಲ್ಲ. ಇಲ್ಲಿ ಮೂರು ವರ್ಷದಲ್ಲಿ ಯಾರೂ ನನಗೆ ಒಂದು ಮೆಮೊರಿ ಕಾರ್ಡನ್ನೂ ಎರವಲು ಕೊಟ್ಟಿಲ್ಲ, ನಾನೂ ಕೇಳಿಲ್ಲವೆನ್ನಿ. ಮುಂದಿನ ಸಲ ಊರಿಗೆ ಹೋದಾಗ ಆ ಜೂಮನ್ನು ಮತ್ತೆ ಕೇಳಬೇಕೆಂದಿದ್ದೇನೆ. ಕೊಡುವ ಮೊದಲು ಅವನು ಖಂಡಿತ ಕೇಳುತ್ತಾನೆ: "ಈಗ ಯಾವ ಬಾಡಿ ಇಟ್ಟಿದ್ದೀಯೋ?"