ನೋಟಿಸ್ ಕೊಟ್ಟ ಮೇಲೆ ಅಷ್ಟು ದಿನ ಏನು ಮಾಡುತ್ತಿದ್ದಿರಿ?

2025ರ ಆಗಸ್ಟ್ 5, ಮಂಗಳವಾರ. ಅವ್ವನಿಗೆ ಡಯಾಲಿಸಿಸ್ ಇದ್ದ ದಿನ. ರಾಣೆಬೆನ್ನೂರು ಹತ್ತಿರದ ನಮ್ಮ ಹಳ್ಳಿಯಿಂದ ದಾವಣಗೆರೆಗೆ ವಾರಕ್ಕೆ ಎರಡು ಸಲ ಹೋಗಿ ಬರಬೇಕು. ಬೆಳಗಿನ ಆರೂವರೆಯ ಸರ್ಕಾರಿ ಬಸ್ಸೇ ನಮಗೆ ಗತಿ. ಸಾರಿಗೆ ನೌಕರರ ಮುಷ್ಕರವಿದೆ ಎಂದು ಗೊತ್ತಿತ್ತು. ಆದರೆ ಒಂದು ದಿನ ಮುಂದೂಡಿ ಎಂದು ಹೈಕೋರ್ಟ್ ಹೇಳಿದ್ದನ್ನು ಹಿಂದಿನ ದಿನ ಟಿವಿಯಲ್ಲಿ ನೋಡಿ, ಬಸ್ ಬಂದೀತು ಎಂಬ ಆಸೆಯಿಂದ ಎಂಟು ಗಂಟೆಯ ತನಕ ಕಾದೆವು. ಊದಿದ ಪಾದಗಳಿಗೆ ಚಪ್ಪಲಿ ಹಿಡಿಸದೆ ಅವ್ವ ಬರಿಗಾಲಲ್ಲಿ ಕಟ್ಟೆಯ ಮೇಲೆ ಕುಳಿತಿದ್ದಳು. ಬಾಡಿಗೆ ಕಾರಿನವನು 2,500 ರೂಪಾಯಿ ಕೇಳಿದ. ಕೊಟ್ಟೆ. ನಾವು ಮುಟ್ಟುವಷ್ಟರಲ್ಲಿ ನಮ್ಮ ಸರದಿ ದಾಟಿ ಹೋಗಿತ್ತು.

ನೌಕರರದ್ದು ಸುಳ್ಳು ಬೇಡಿಕೆ ಎಂದು ನಾನು ಹೇಳುವುದಿಲ್ಲ. 2020ರ ಜನವರಿಯಿಂದ ಲೆಕ್ಕ ಹಾಕಿ, ಹೆಚ್ಚಿಸಿದ ಸಂಬಳದ 38 ತಿಂಗಳ ಹಿಂಬಾಕಿ ಬರಬೇಕಿತ್ತು. ಸರ್ಕಾರ 14 ತಿಂಗಳದ್ದು ಕೊಡುತ್ತೇವೆ ಎಂದಿತು. ದುಡಿದವರ ಕೂಲಿಯಲ್ಲಿ ಚೌಕಾಸಿ ಮಾಡಲು ನಾಚಿಕೆಯಾಗುವುದಿಲ್ಲವೇ? ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆ ನೂಕುನುಗ್ಗಲಿನಲ್ಲೂ ಕಂಡಕ್ಟರ್ ಅವ್ವನಿಗೆ ಮುಂದಿನ ಸೀಟು ಬಿಡಿಸಿಕೊಡುತ್ತಾರೆ. ಅವರ ಹೊಟ್ಟೆಯ ಮೇಲೆ ಹೊಡೆದು ನನ್ನ ಅವ್ವ ಬದುಕಬೇಕಾಗಿಲ್ಲ.

ಆದರೆ ಸಂಘದ ಮುಖಂಡರೇ, ಒಂದೊಂದು ತಾಲ್ಲೂಕಿನಿಂದ ಆಸ್ಪತ್ರೆಯ ಹಾದಿಗೆ ಒಂದೊಂದು ಬಸ್ ಬಿಡಲು ನಿಮಗೇನಾಗಿತ್ತು? ಡಯಾಲಿಸಿಸ್ ಚೀಟಿ ತೋರಿಸಿದವರನ್ನು ಹತ್ತಿಸಿಕೊಂಡಿದ್ದರೆ ನಿಮ್ಮ ಹೋರಾಟದ ಬಲ ಕುಗ್ಗುತ್ತಿತ್ತೇ? ಊರೂರಿನ ಜನ ನಿಮ್ಮ ಬೆನ್ನಿಗೆ ನಿಲ್ಲುತ್ತಿದ್ದರು. ಬಂಗಲೆಯಲ್ಲಿರುವವರಿಗೆ ನಿಮ್ಮ ಮುಷ್ಕರ ತಟ್ಟುವುದೇ ಇಲ್ಲ. ತಟ್ಟಿದ್ದು ನಮಗೆ.

ಇನ್ನು ಸರ್ಕಾರ. ಸಾರಿಗೆಯಂಥ ಸೇವೆಯಲ್ಲಿ ನೋಟಿಸ್ ಕೊಟ್ಟು 14 ದಿನ ಕಳೆಯುವ ತನಕ ಮುಷ್ಕರ ಹೂಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಆ ದಿನಗಳು ಇರುವುದು ಕೂತು ಮಾತನಾಡಿ ಮುಗಿಸಲಿಕ್ಕೆ. ಇವರು ಮುಷ್ಕರದ ಹಿಂದಿನ ದಿನದವರೆಗೂ ಎಳೆದು, ಸಭೆ ಮುರಿದು ಬಿದ್ದ ಮೇಲೆ ಎಸ್ಮಾ, ಅಂದರೆ ಅತ್ಯಗತ್ಯ ಸೇವೆಯಲ್ಲಿ ಮುಷ್ಕರ ತಡೆಯುವ ಕಾಯ್ದೆ, ಹಾಕುತ್ತೇವೆ ಎಂದು ಗದರಿಸುತ್ತಾರೆ. ಬಸ್ಸಿನ ಸೇವೆ ಅತ್ಯಗತ್ಯ ಎಂದು ಇವರಿಗೆ ನೆನಪಾಗುವುದು ಆ ಒಂದು ದಿನ ಮಾತ್ರ. ಅತ್ಯಗತ್ಯವಾದ ಕೆಲಸಕ್ಕೆ ಸಂಬಳ ಅತ್ಯಗತ್ಯವಲ್ಲವೇ? 2021ರ ಏಪ್ರಿಲ್‌ನಲ್ಲಿಯೂ ಇದೇ ಕಥೆ. ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ ಎಂದು ಎರಡು ವಾರ ಬಸ್ ನಿಂತವು. ಪಕ್ಷ ಬದಲಾಯಿತು, ಕುರ್ಚಿ ಬದಲಾಯಿತು, ಚಾಳಿ ಬದಲಾಗಲಿಲ್ಲ. ನೌಕರ ಕೆಲಸ ನಿಲ್ಲಿಸಿದರೆ ಜೈಲಿನ ಮಾತು ಬರುತ್ತದೆ. ನೋಟಿಸನ್ನು ಕಡತದಲ್ಲಿ ಕೊಳೆಹಾಕಿದ ಅಧಿಕಾರಿಗೆ, ಮಂತ್ರಿಗೆ ಯಾವ ಶಿಕ್ಷೆ?

ನ್ಯಾಯಾಲಯ ಗದರಿದ ಮೇಲೆ ಮುಷ್ಕರ ಅಂದೇ ನಿಂತಿತು. ಆ ಸುದ್ದಿ ಬರುವ ಹೊತ್ತಿಗೂ ಅವ್ವ ಆಸ್ಪತ್ರೆಯ ಬೆಂಚಿನ ಮೇಲೆ ಉಸಿರು ಎಳೆಯುತ್ತ ಕುಳಿತಿದ್ದಳು. ಹಿಂಬಾಕಿಯ ಮಾತು ಇತ್ಯರ್ಥವಾಗಿರಲಿಲ್ಲ. ಯಂತ್ರ ಖಾಲಿಯಾಗಿ ಅವಳ ಕೈಗೆ ಸೂಜಿ ಚುಚ್ಚಿದಾಗ ರಾತ್ರಿ ಒಂಬತ್ತು.